ಕಿವುಡ ವಕೀಲೆ ಸಾರಾ ಸನ್ನಿ: ಕಲಿಕೆ, ಮುಂದಾಳತ್ವ, ಆದ್ಯತೆಗಳ ಕುರಿತು ಕೆಲವು ವಿಚಾರಗಳು

2023ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟಿನಲ್ಲಿ ವಿಡಿಯೋ ಮೂಲಕ ನಡೆದ ವಿಚಾರಣೆಯೊಂದರಲ್ಲಿ ಬೆಂಗಳೂರಿನ ಯುವ ವಕೀಲೆ ಸಾರಾ ಸನ್ನಿ ಪಾಲ್ಗೊಂಡರು. ಅವರು ಕಿವುಡರು. ಕಲಾಪವನ್ನು ಅವರಿಗೆ ಭಾರತೀಯ ಸನ್ನೆ ಭಾಷೆಯಲ್ಲಿ ತಿಳಿಸಲು ದುಭಾಷಿ ಸೌರವ್ ರಾಯ್‌ಚೌಧರಿ ಜೊತೆಗಿದ್ದರು. ಮೊದಲು ಪರದೆಯ ಮೇಲೆ ಕಾಣಿಸಿದ್ದು ದುಭಾಷಿ ಮಾತ್ರ, ವಕೀಲೆಯೇ ಕಾಣುತ್ತಿರಲಿಲ್ಲ! ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು ಇಬ್ಬರಿಗೂ ಪರದೆಯಲ್ಲಿ ಜಾಗ ಕೊಡುವಂತೆ ಸೂಚಿಸಿದರು.

ಪ್ರಿಯ ಓದುಗರೇ, ಈ ಪರದೆಯ ವಿಷಯವನ್ನು ನಾವು ಮೊದಲಿಗೇ ಹೇಳಲು ಕಾರಣವಿದೆ. ನಮ್ಮ ಧರ್ಮಕೇಂದ್ರಗಳಲ್ಲಿಯೂ ಕಿವುಡ ಯುವಕನೊಬ್ಬ ಕಚೇರಿಗೆ ಬಂದರೆ ನಾವು ಮಾತನಾಡುವುದು ಅವನ ತಾಯಿಯೊಂದಿಗೆ. ಅವನು ಪಕ್ಕದಲ್ಲಿ ಕುಳಿತಿರುತ್ತಾನೆ, ಅಷ್ಟೆ.

ಸಾರಾ ಅವರ ಮನೆಯಲ್ಲಿ ಅವರು, ಅವಳಿ ಸಹೋದರಿ ಮತ್ತು ಸಹೋದರ, ಮೂವರೂ ಕಿವುಡರು. ಕೇಳಿಸಿಕೊಳ್ಳುವ ಮಕ್ಕಳೊಂದಿಗೇ ಸಾಮಾನ್ಯ ಶಾಲೆಯಲ್ಲಿ ಓದಿದ ಸಾರಾ, ಮುಂದೆ ಬೆಂಗಳೂರಿನ ಜ್ಯೋತಿ ನಿವಾಸ್ ಕಾಲೇಜಿನಲ್ಲಿ ಬಿ.ಕಾಂ., ಸಂತ ಜೋಸೆಫರ ಕಾನೂನು ಕಾಲೇಜಿನಲ್ಲಿ ಎಲ್ಎಲ್.ಬಿ. ಮುಗಿಸಿದರು. ಎರಡೂ ಕಥೋಲಿಕ ಸಂಸ್ಥೆಗಳು ಎಂಬುದು ನಮಗೆ ಸಂತೋಷದ ಮಾತು.

ಆದರೆ ತುಟಿಯ ಚಲನೆ ನೋಡಿ ಪಾಠ ಗ್ರಹಿಸುವುದು ಎಷ್ಟು ಕಷ್ಟವೆಂದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ‘ಪಡಿ’, ‘ಬಡಿ’, ‘ಮಡಿ’ ಎಂದು ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಕ, ಗ, ಹ ಅಕ್ಷರಗಳಂತೂ ತುಟಿಯ ಮೇಲೆ ಕಾಣುವುದೇ ಇಲ್ಲ. ಉಳಿದದ್ದನ್ನು ಕಿವುಡ ಮಗು ಊಹಿಸಬೇಕು, ಊಹಿಸಲು ಆ ಭಾಷೆ ಮೊದಲೇ ಗೊತ್ತಿರಬೇಕು.

ಈಗ ಬೆಳಗಾವಿ ನಗರಕ್ಕೆ ತಾಗಿರುವ, ವೆಂಗುರ್ಲಾ ರಸ್ತೆಯ ಹಿಂಡಲಗಾವನ್ನು ನೆನೆಯಿರಿ. ಖಾನಾಪುರದ ಕಡೆಯೂ ಇದೇ ಸ್ಥಿತಿ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಕೇಳುವ ಮಗುವಿಗೆ ಇದು ವರ. ಕಿವುಡ ಮಗುವಿಗೆ ಒಂದೇ ದಿನದಲ್ಲಿ ನಾಲ್ಕು ಬಗೆಯ ತುಟಿಗಳು! ಅದಕ್ಕೆ ಮೊದಲು ಬೇಕಾದದ್ದು ಪೂರ್ತಿಯಾಗಿ ಕಣ್ಣಿಗೆ ಕಾಣುವ ಒಂದು ಭಾಷೆ, ಅಂದರೆ ಸನ್ನೆ ಭಾಷೆ. ಅದು ಬರೀ ಕೈಬಾಯಿ ಸನ್ನೆಯಲ್ಲ. ಅದಕ್ಕೆ ತನ್ನದೇ ವ್ಯಾಕರಣವಿದೆ. 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರವು 2021ರ ವೇಳೆಗೆ 10,000 ಪದಗಳ ನಿಘಂಟನ್ನು ಹೊರತಂದಿದೆ. ಸನ್ನೆ ಕಲಿತರೆ ಮಗು ಮಾತು ಕಲಿಯುವುದಿಲ್ಲ ಎಂಬ ಭಯದಿಂದ ಸನ್ನೆಯನ್ನು ದೂರವಿಡುವ ತಂದೆತಾಯಂದಿರು ಇಂದಿಗೂ ಇದ್ದಾರೆ. ಆ ಭಯ ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ. ಭಾಷೆಯೇ ಇಲ್ಲದೆ ಕಳೆದ ಬಾಲ್ಯವನ್ನು ಆಮೇಲೆ ತುಂಬಿಕೊಡುವುದು ಬಹಳ ಕಷ್ಟ.

ಮುಂದಾಳತ್ವದ ವಿಷಯಕ್ಕೆ ಬರೋಣ. ವಕೀಲಿ ವೃತ್ತಿಯ ಆರಂಭದಲ್ಲಿ ಸಾರಾ ಅವರಿಗೆ ಕೆಳಹಂತದ ನ್ಯಾಯಾಲಯದಲ್ಲಿ ದುಭಾಷಿಯ ಸೌಲಭ್ಯ ಸಿಗಲಿಲ್ಲ. ವಾದವನ್ನು ಬರೆದು ಕೊಡಬೇಕಾಯಿತು. ಸುಪ್ರೀಂ ಕೋರ್ಟಿನಲ್ಲಿ ಸೆಪ್ಟೆಂಬರ್‌ನ ಆ ದಿನ ದುಭಾಷಿಯ ಏರ್ಪಾಡು ಅವರ ಕಡೆಯದೇ, ಹಿರಿಯ ಸಹೋದ್ಯೋಗಿ ವಕೀಲೆ ಸಂಚಿತಾ ಐನ್ ಬೆಂಬಲಕ್ಕಿದ್ದರು. ಎರಡು ವಾರಗಳ ನಂತರ, ಅಕ್ಟೋಬರ್‌ನಲ್ಲಿ, ಸುಪ್ರೀಂ ಕೋರ್ಟ್ ತಾನೇ ದುಭಾಷಿಯನ್ನು ನೇಮಿಸಿತು. ಉಪಕಾರವಾಗಿ ಸಿಕ್ಕಿದ್ದು ವ್ಯವಸ್ಥೆಯ ಕೆಲಸವಾಯಿತು. ಮುಂದೆ ಬರುವ ಕಿವುಡ ವಕೀಲರು ಇನ್ನು ಸೊನ್ನೆಯಿಂದ ಬೇಡಬೇಕಾಗಿಲ್ಲ. ಮುಂದಾಳು ಎಂದರೆ ಭಾಷಣ ಮಾಡುವವನು ಎಂದು ತಿಳಿದಿರುವ ನಮ್ಮ ಸಂಘ ಸಂಸ್ಥೆಗಳು ಇದನ್ನು ಗಮನಿಸಬೇಕು.

ಇನ್ನೊಂದು ಸಂಗತಿ. ಸುಪ್ರೀಂ ಕೋರ್ಟಿನ ಪ್ರಕರಣ ವಿಕಲಚೇತನರ ಹಕ್ಕುಗಳಿಗೆ ಸಂಬಂಧಿಸಿದ್ದು. ಆದರೆ 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಮುಂದೆ ಸಾರಾ ದುಭಾಷಿಯ ಮೂಲಕ ವಾದಿಸಿದ್ದು ಮಹಿಳೆಯೊಬ್ಬರ ಪರವಾಗಿ, ಅದೊಂದು ಸಾಮಾನ್ಯ ಕೌಟುಂಬಿಕ ಪ್ರಕರಣ. ಕಿವುಡರಿಗೆ ಕಿವುಡರ ಕೆಲಸ ಎಂಬ ಗೆರೆ ಅಲ್ಲಿ ಅಳಿಸಿತು. ನಮ್ಮ ಪಾಲನಾ ಪರಿಷತ್ತಿಗೆ ಕಿವುಡ ಸದಸ್ಯರೊಬ್ಬರನ್ನು ತೆಗೆದುಕೊಂಡರೆ ಅವರನ್ನು ಹಣಕಾಸು ಸಮಿತಿಗೂ ಹಾಕಬಹುದಲ್ಲವೇ?

ಎಲ್ಲರೂ ವಕೀಲರಾಗುವುದಿಲ್ಲ. ಹೊಲಿಗೆ, ಬೇಕರಿ, ಮೊಬೈಲ್ ದುರಸ್ತಿ ಎಂದು ಸ್ವಂತ ಕಸುಬು ಹಿಡಿಯುವವರೇ ಹೆಚ್ಚು. ವಾಟ್ಸಾಪ್ ಸಂದೇಶ ಮತ್ತು ವಿಡಿಯೋ ಕರೆ ಬಂದ ಮೇಲೆ ಗಿರಾಕಿಗಳೊಂದಿಗೆ ವ್ಯವಹಾರ ಸುಲಭವಾಗಿದೆ. ತೊಡಕು ಬರುವುದು ಸಾಲ ಕೇಳಲು ಹೋದಾಗ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಆಸ್ತಿ ಹೊಂದಲು, ಸ್ವಂತ ಹಣಕಾಸು ನಿರ್ವಹಿಸಲು, ಬ್ಯಾಂಕ್ ಸಾಲ ಪಡೆಯಲು ಅವರಿಗೆ ಇತರರಷ್ಟೇ ಹಕ್ಕಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯ ಪ್ರಮಾಣಪತ್ರವಿದ್ದವರು ಸ್ವಂತ ಉದ್ಯೋಗಕ್ಕಾಗಿ ರಾಷ್ಟ್ರೀಯ ದಿವ್ಯಾಂಗಜನ ಹಣಕಾಸು ಮತ್ತು ಅಭಿವೃದ್ಧಿ ನಿಗಮದ ರಿಯಾಯಿತಿ ಬಡ್ಡಿಯ ಸಾಲಕ್ಕೆ ಪ್ರಯತ್ನಿಸಬಹುದು. ಯುಡಿಐಡಿ ಗುರುತಿನ ಚೀಟಿ ಮಾಡಿಸಿರದಿದ್ದರೆ ಮೊದಲ ಆದ್ಯತೆ ಅದಕ್ಕೇ ಇರಲಿ. ಮನೆಯವರು ಜೊತೆಗೆ ಹೋಗಲಿ, ಆದರೆ ಉತ್ತರ ಕೊಡುವವರು ಸಾಲ ಕೇಳಿದವರೇ ಆಗಿರಲಿ.

ಧರ್ಮಸಭೆಗೆ ಈ ಸೇವೆ ಹೊಸದಲ್ಲ. ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಮಾರ್ಟಿನ್ ಎಂಬ ಕಿವುಡ ಯುವಕನಿಗೆ ಸನ್ನೆಗಳ ಮೂಲಕವೇ ಧರ್ಮೋಪದೇಶ ಕಲಿಸಿ ಪರಮಪ್ರಸಾದ ನೀಡಿದರು. ಭಾರತದ ಮೊದಲ ಕಿವುಡರ ಶಾಲೆಯನ್ನು 1880ರ ದಶಕದಲ್ಲಿ ಮುಂಬಯಿಯಲ್ಲಿ ತೆರೆದವರು ಬಿಷಪ್ ಲಿಯೋ ಮ್ಯೂರಿನ್. 2024ರ ಮೇ 2ರಂದು ತ್ರಿಶೂರಿನಲ್ಲಿ ಹೋಲಿ ಕ್ರಾಸ್ ಸಭೆಯ ಜೋಸೆಫ್ ತೇರ್ಮಡಂ ಗುರುದೀಕ್ಷೆ ಪಡೆದು ಭಾರತದ ಮೊದಲ ಕಿವುಡ ಗುರುಗಳಾದರು.

ವಿವಾಹದ ವಿಷಯದಲ್ಲಿ ಹಲವರು ನಮ್ಮನ್ನು ಕೇಳುವುದುಂಟು. ಮಾತನಾಡಲು ಆಗದವರು ಸಮಾನಾರ್ಥದ ಸನ್ನೆಗಳಿಂದ ಸಮ್ಮತಿ ಸೂಚಿಸಿದರೆ ಸಾಕು (ಧರ್ಮಸಭೆಯ ಕಾನೂನು 1104). ಪಾಪನಿವೇದನೆಯನ್ನೂ ದುಭಾಷಿಯ ಮೂಲಕ ಮಾಡಲು ಅವಕಾಶವಿದೆ (ಕಾನೂನು 990), ಆ ದುಭಾಷಿಯೂ ಗುಟ್ಟನ್ನು ಕಾಪಾಡಲು ಬದ್ಧ (ಕಾನೂನು 983). ಆದ್ದರಿಂದ ನೆರೆಮನೆಯವರನ್ನೋ ಅತ್ತೆಯನ್ನೋ ಆ ಕ್ಷಣಕ್ಕೆ ಕರೆದು ಕೂರಿಸುವುದು ಸರಿಯಲ್ಲ. ಯಾರು ಬೇಕೆಂದು ಪಾಪನಿವೇದನೆಗೆ ಬಂದವರನ್ನೇ ಕೇಳಬೇಕು. ಬೆಳಗಾವಿಯಲ್ಲಿ ಸರ್ಕಾರಿ ಕಿವುಡ ಮಕ್ಕಳ ಶಾಲೆ ಇರುವುದರಿಂದ ಸನ್ನೆ ಬಲ್ಲವರನ್ನು ಅಲ್ಲಿ ವಿಚಾರಿಸಬಹುದು. ದೀರ್ಘ ಕಾರ್ಯಕ್ರಮಕ್ಕೆ ಇಬ್ಬರು ಬೇಕು, ಒಬ್ಬರೇ ಅರ್ಧ ಗಂಟೆ ಮೀರಿ ಎಡೆಬಿಡದೆ ಸನ್ನೆ ಮಾಡಿದರೆ ಬಳಲುತ್ತಾರೆ. ಬಲಿಪೂಜೆಯಲ್ಲಿ ದುಭಾಷಿ ನಿಲ್ಲುವ ಜಾಗ ಪ್ರವಚನ ಪೀಠದ ಪಕ್ಕದಲ್ಲಿ, ಮುಖದ ಮೇಲೆ ಬೆಳಕು ಬೀಳುವಂತಿರಲಿ. ಮೈಕಿನಿಂದ ತುಟಿ ಮರೆಯಾಗದಂತೆ ಗುರುಗಳೂ ಸ್ವಲ್ಪ ನೋಡಿಕೊಳ್ಳಬೇಕು.