ಸೂರತ್ ಕಲಿಸಿದ ಆರೋಗ್ಯ ಆಡಳಿತ

ಆರೋಗ್ಯ ಆಡಳಿತಗಾರರು ರೋಗಿಯ ನಾಡಿ ಹಿಡಿಯುವುದಿಲ್ಲ, ಚೀಟಿ ಬರೆಯುವುದಿಲ್ಲ. ಹಾಸಿಗೆ ಖಾಲಿ ಇದೆಯೇ, ಔಷಧಿ ದಾಸ್ತಾನು ಎಷ್ಟು ದಿನಕ್ಕೆ ಸಾಲುತ್ತದೆ, ರಾತ್ರಿ ಪಾಳಿಯಲ್ಲಿ ಯಾರಿದ್ದಾರೆ, ಕೈಯಲ್ಲಿ ಕಾಸಿಲ್ಲದವರ ಬಿಲ್ಲಿಗೆ ಏನು ದಾರಿ ಎಂಬುದನ್ನೆಲ್ಲ ನೋಡಿಕೊಳ್ಳುವುದು ಅವರ ಪಾಲಿನ ಕೆಲಸ. ಎಲ್ಲವೂ ಸರಿಯಾಗಿ ನಡೆಯುವಷ್ಟು ಕಾಲ ಈ ಕೆಲಸ ಯಾರ ಕಣ್ಣಿಗೂ ಬೀಳದು. ಅದು ಹದಗೆಟ್ಟರೆ ಏನಾಗುತ್ತದೆ, ಸರಿಹೋದರೆ ಏನಾಗುತ್ತದೆ ಎಂಬ ಎರಡನ್ನೂ ಕೆಲವೇ ವರ್ಷಗಳ ಅಂತರದಲ್ಲಿ ಕಂಡ ಊರು ಗುಜರಾತಿನ ಸೂರತ್.

ತಾಪಿ ನದಿಯ ದಕ್ಷಿಣ ದಡದಲ್ಲಿರುವ ವರಾಛಾ ಆ ನಗರದ ದುಡಿಯುವ ಬಡಾವಣೆ. ಸೌರಾಷ್ಟ್ರದ ಭಾವನಗರ, ಅಮ್ರೇಲಿ ಕಡೆಯಿಂದ ವಲಸೆ ಬಂದ ಕುಟುಂಬಗಳು ಇಲ್ಲಿ ವಜ್ರಕ್ಕೆ ಸಾಣೆ ಹಿಡಿಯುತ್ತವೆ, ಬಟ್ಟೆಗೆ ಕಸೂತಿ ಹಾಕುತ್ತವೆ. ವಜ್ರದ ಕೆಲಸಗಾರನನ್ನು ಇಲ್ಲಿನವರು ಗೌರವದಿಂದ ರತ್ನಕಲಾಕಾರ ಎನ್ನುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಕೂಲಿ ಸಿಗುವುದು ಉಜ್ಜಿದ ಹರಳಿನ ಲೆಕ್ಕದಲ್ಲಿ. ಬೆಳಗಿನ ಹೊತ್ತು ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಅಂದಿನ ಸಂಪಾದನೆ ಹೋಯಿತು. ಹೊರರೋಗಿ ವಿಭಾಗದ ಬಾಗಿಲು ಎಷ್ಟು ಹೊತ್ತಿಗೆ ತೆರೆಯಬೇಕು ಎಂಬ ಸಣ್ಣ ತೀರ್ಮಾನವೂ ಇಂಥ ಕಡೆ ನ್ಯಾಯದ ಪ್ರಶ್ನೆಯಾಗುತ್ತದೆ.

1994ರ ಮಳೆಗಾಲದಲ್ಲಿ ತಾಪಿ ಉಕ್ಕಿತು. ನೆರೆ ಇಳಿದ ಮೇಲೆ ಕೊಳೆತ ಕಸ, ಸತ್ತ ಪ್ರಾಣಿಗಳು ಬೀದಿಯಲ್ಲೇ ಉಳಿದವು. ಸೆಪ್ಟೆಂಬರಿನಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಸತ್ತವರು ಐವತ್ತರ ಆಸುಪಾಸು, ಆದರೆ ಹೆದರಿ ಊರು ಬಿಟ್ಟವರು ಲಕ್ಷಗಟ್ಟಲೆ. ಅನೇಕ ಖಾಸಗಿ ವೈದ್ಯರೂ ದವಾಖಾನೆಗೆ ಬೀಗ ಹಾಕಿ ಹೊರಟರು. ಸರ್ಕಾರಿ ಆಸ್ಪತ್ರೆಯ ವೈದ್ಯರು, ದಾದಿಯರು, ಪೌರಕಾರ್ಮಿಕರು ಉಳಿದು ದುಡಿದರು. ಪ್ಲೇಗಿಗೆ ಟೆಟ್ರಾಸೈಕ್ಲಿನ್‌ನಂಥ ಅಗ್ಗದ ಔಷಧಿ ಆಗಲೇ ಇತ್ತು. ಕೊರತೆಯಿದ್ದದ್ದು ವೈದ್ಯವಿಜ್ಞಾನದಲ್ಲಲ್ಲ, ಆಡಳಿತದಲ್ಲಿ.

1995ರ ಮೇ ತಿಂಗಳಲ್ಲಿ ಎಸ್. ಆರ್. ರಾವ್ ನಗರಪಾಲಿಕೆಯ ಆಯುಕ್ತರಾಗಿ ಬಂದರು. ಅವರು ಹೊಸ ಹಣದ ರಾಶಿಯನ್ನೇನೂ ತರಲಿಲ್ಲ, ಇದ್ದ ಸಿಬ್ಬಂದಿಯಿಂದಲೇ ಕೆಲಸ ತೆಗೆದರು. ನಗರವನ್ನು ಆರು ವಲಯಗಳಾಗಿ ವಿಂಗಡಿಸಿ, ತಮಗಿದ್ದ ಆಡಳಿತದ, ಹಣಕಾಸಿನ ಅಧಿಕಾರವನ್ನು ವಲಯಾಧಿಕಾರಿಗಳಿಗೆ ಹಂಚಿಕೊಟ್ಟರು. ಎಸಿಯಿಂದ ಡಿಸಿಗೆ ಎಂಬುದು ಅವರ ಘೋಷವಾಯಿತು: ಹವಾನಿಯಂತ್ರಿತ ಕೋಣೆಯಿಂದ ದಿನನಿತ್ಯದ ಕೆಲಸಕ್ಕೆ (ಡೈಲಿ ಚೋರ್ಸ್). ಅಧಿಕಾರಿಗಳು ಪ್ರತಿದಿನ ಬೀದಿಗಿಳಿದರು, ಕಂಡದ್ದನ್ನು ಮಧ್ಯಾಹ್ನದ ಸಭೆಯಲ್ಲಿ ಇಟ್ಟು ಅಲ್ಲೇ ತೀರ್ಮಾನಿಸಿದರು. ರಾತ್ರಿಯೂ ರಸ್ತೆ ಗುಡಿಸುವ ವ್ಯವಸ್ಥೆ ಬಂತು. ಕಸ ಎಸೆದವರಿಗೆ ದಂಡ ಬಿತ್ತು, ಕೊಳಕು ಹೋಟೆಲುಗಳು ಮುಚ್ಚಿದವು. ಒತ್ತುವರಿ ತೆರವಿನಲ್ಲಿ ಪ್ರಭಾವಿಗಳಿಗೂ ವಿನಾಯಿತಿ ಸಿಗಲಿಲ್ಲ, ಜನರ ವಿಶ್ವಾಸ ಗೆದ್ದುಕೊಟ್ಟದ್ದು ಮುಖ್ಯವಾಗಿ ಇದೇ. ಎರಡು ವರ್ಷ ತುಂಬುವಷ್ಟರಲ್ಲಿ ಚಂಡೀಗಢದ ನಂತರ ದೇಶದ ಎರಡನೆಯ ಸ್ವಚ್ಛ ನಗರವೆಂದು ಸೂರತ್ ಹೆಸರಾಯಿತು. 1998ರಲ್ಲಿ ರಾವ್ ಅವರಿಗೆ ಪದ್ಮಶ್ರೀ ಸಂದಿತು.

ಅಧಿಕಾರವನ್ನು ಹಂಚಿಕೊಡುವುದು ಇಲ್ಲಿ ಗಮನಿಸಬೇಕಾದ ದೊಡ್ಡ ಗುಣ. ಪ್ರತಿ ಸಹಿಯೂ ತನ್ನ ಮೇಜಿಗೇ ಬರಲಿ ಎಂದು ಕಾಯುವ ಮುಖ್ಯಸ್ಥರ ಕೈಕೆಳಗೆ ಒಳ್ಳೆಯ ನೌಕರರೂ ಜಡವಾಗುತ್ತಾರೆ. ಆಯುಕ್ತರು 1997ರ ಕೊನೆಯಲ್ಲಿ ವರ್ಗವಾದ ಮೇಲೂ ಸೂರತ್‌ನ ಪದ್ಧತಿ ಕುಸಿಯಲಿಲ್ಲ, ಏಕೆಂದರೆ ಅದು ಆ ಹೊತ್ತಿಗೆ ವಲಯಗಳ ರೂಢಿಯಾಗಿತ್ತು. ಮುಂದೆ ಪಾಲಿಕೆಯೇ ನಡೆಸುವ ವೈದ್ಯಕೀಯ ಕಾಲೇಜು ಸ್ಮಿಮರ್ 2000ದಲ್ಲಿ ಆರಂಭವಾಯಿತು. ಅದರ ಆಸ್ಪತ್ರೆ ವರಾಛಾದ ಕಾರ್ಮಿಕರಿಗೆ ಹತ್ತಿರದ್ದು.

2020ರಲ್ಲಿ ಮತ್ತೊಂದು ಪರೀಕ್ಷೆ ಎದುರಾಯಿತು. ಲಾಕ್‌ಡೌನ್ ಸಡಿಲವಾಗಿ ವಜ್ರದ ಕಾರ್ಖಾನೆಗಳು ತೆರೆಯುತ್ತಿದ್ದಂತೆ ವರಾಛಾ, ಕತಾರಗಾಮ್ ಬಡಾವಣೆಗಳಲ್ಲಿ ಕೊರೊನಾ ಏರಿತು, ಕಾರ್ಖಾನೆಗಳು ಮತ್ತೆ ಮುಚ್ಚಿದವು. ಸಾವಿರಾರು ಕುಟುಂಬಗಳು ಸೌರಾಷ್ಟ್ರದ ಹಾದಿ ಹಿಡಿದವು. 2021ರ ಎರಡನೆಯ ಅಲೆಯಲ್ಲಿ ಸಮುದಾಯ ಸಂಘಟನೆಗಳು ತಾವೇ ಆರೈಕೆ ಕೇಂದ್ರಗಳನ್ನು ತೆರೆದವು. ರೋಗ ಬಂದಾಗ ದುಡಿಯುವವರ ಊಟ, ಬಾಡಿಗೆಯ ಚಿಂತೆಯನ್ನು ಬಿಟ್ಟು ಯಾವ ಆರೋಗ್ಯ ಯೋಜನೆಯೂ ಪೂರ್ಣವಾಗದು ಎಂಬುದು ಆಗ ಮತ್ತೆ ಸ್ಪಷ್ಟವಾಯಿತು.

ಕನ್ನಡನಾಡಿನಲ್ಲೂ ಇಂಥ ಆಡಳಿತಕ್ಕೆ ನಿದರ್ಶನವಿದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯನ್ನು 2024ರ ಜನವರಿಯವರೆಗೆ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಮುನ್ನಡೆಸಿದ ಡಾ. ಸಿ. ಎನ್. ಮಂಜುನಾಥ್, ಚಿಕಿತ್ಸೆ ಮೊದಲು, ಪಾವತಿ ಆಮೇಲೆ ಎಂಬುದನ್ನು ಆಸ್ಪತ್ರೆಯ ನಿಯಮವನ್ನಾಗಿಸಿದರು. ಎದೆನೋವಿನಿಂದ ಬಂದವರನ್ನು ಹಣದ ಕಿಟಕಿಯ ಮುಂದೆ ನಿಲ್ಲಿಸದಿರುವುದು ದಯೆಯ ಮಾತಷ್ಟೇ ಅಲ್ಲ. ಹೃದಯಾಘಾತದಲ್ಲಿ ಪ್ರತಿ ನಿಮಿಷವೂ ಸ್ನಾಯುವನ್ನು ಕೊಲ್ಲುತ್ತದೆ, ಆದ್ದರಿಂದ ಅದು ಒಳ್ಳೆಯ ವೈದ್ಯಕೀಯವೂ ಹೌದು.

ಇಂದು ಆಸ್ಪತ್ರೆ ಆಡಳಿತವನ್ನು ವೃತ್ತಿಯಾಗಿ ಆರಿಸಿಕೊಳ್ಳುವ ಯುವಜನರಿಗೆ ಸ್ನಾತಕೋತ್ತರ ಪದವಿಗಳಿವೆ, ಗುಣಮಟ್ಟದ ಮಾನ್ಯತೆಯ ಪಟ್ಟಿಗಳಿವೆ, ವಿಮೆಯ ತಂತ್ರಾಂಶಗಳಿವೆ. ಇವೆಲ್ಲ ಬೇಕು. ಆದರೆ ವಾರ್ಡಿಗೆ ಹೋಗಿ ನೋಡುವ ಅಭ್ಯಾಸ, ಕೈಕೆಳಗಿನವರ ಮೇಲಿನ ನಂಬಿಕೆ, ಬಲಾಢ್ಯರಿಗೂ ಬಡವರಿಗೂ ಒಂದೇ ನಿಯಮ ಎನ್ನುವ ಗಟ್ಟಿತನ ಕೆಲಸದಲ್ಲೇ ಬರಬೇಕು. ಒಂದು ಕಾಲಕ್ಕೆ ಪ್ಲೇಗಿನ ಊರೆಂದು ಜಗತ್ತು ದೂರವಿಟ್ಟಿದ್ದ ಸೂರತ್, 2023ರ ಸ್ವಚ್ಛ ಸರ್ವೇಕ್ಷಣದಲ್ಲಿ ಇಂದೋರಿನೊಂದಿಗೆ ದೇಶದ ಮೊದಲ ಸ್ಥಾನ ಹಂಚಿಕೊಂಡಿತು.