ಗುಡಿ ಉಳಿದರೆ ಊರು ಉಳಿದಂತೆಯೇ?

ಹುಬ್ಬಳ್ಳಿಯಿಂದ ಗದಗಿನ ಕಡೆ ಹೊರಟರೆ ದಾರಿಯ ಎರಡೂ ಬದಿಗೆ ಎರೆಹೊಲ. ಅದರ ನಡುವೆ ಸಿಗುವ ಊರು ಅಣ್ಣಿಗೇರಿ. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು ಅಮೃತೇಶ್ವರ ಗುಡಿಯ 76 ಕಂಬಗಳನ್ನು ಎಣಿಸಿ ಬಸ್ಸು ಹತ್ತುತ್ತಾರೆ. ಗುಡಿಯ ಆಚೆಗಿನ ಓಣಿಗಳಲ್ಲಿ ಕಾಲಿಡುವವರು ಕಡಿಮೆ.

ಸುಮಾರು ಕ್ರಿ.ಶ. 1050ರಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಟ್ಟಿದ ಈ ಗುಡಿ ಬಳಪದ ಕಲ್ಲಿನದು. ಮರಳುಗಲ್ಲನ್ನು ಬಿಟ್ಟು ಈ ನಯವಾದ ಕಲ್ಲಿನಲ್ಲಿ ಕಟ್ಟಿದ ಮೊದಲ ಗುಡಿಗಳಲ್ಲಿ ಇದೊಂದು. ಅಣ್ಣಿಗೇರಿ ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣವಾಗಿತ್ತು. 1180ರ ದಶಕದಲ್ಲಿ ನಾಲ್ವಡಿ ಸೋಮೇಶ್ವರನ ರಾಜಧಾನಿಯೂ ಆಯಿತು. ಪಂಪನ ತಾಯಿ ಅಬ್ಬಣಬ್ಬೆ ಇಲ್ಲಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಪಂಪನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನ ಹೇಳುತ್ತದೆ. 2010ರಲ್ಲಿ ಚರಂಡಿ ತೋಡುವಾಗ ನೂರಾರು ತಲೆಬುರುಡೆಗಳು ಸಿಕ್ಕವು. ಅಂದರೆ ಇಲ್ಲಿ ಚರಿತ್ರೆ ಗುಡಿಯೊಳಗಷ್ಟೇ ಇಲ್ಲ, ಊರಿನ ನೆಲದಲ್ಲೆಲ್ಲ ಇದೆ.

ಅಣ್ಣಿಗೇರಿ, ನವಲಗುಂದ ಸೀಮೆಯ ಹಳೆಯ ಮನೆಗಳೂ ಆ ಚರಿತ್ರೆಯ ಭಾಗವೇ. ದಪ್ಪ ಮಣ್ಣಿನ ಗೋಡೆ, ಕಟ್ಟಿಗೆಯ ಕಂಬ ಮತ್ತು ತೊಲೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೊಂದು ಕಿಂಡಿ, ಬೀದಿಗೆ ಮುಖಮಾಡಿದ ಕಟ್ಟೆ. ಏಪ್ರಿಲ್ ಬಿಸಿಲಿನಲ್ಲಿ ಈ ಮನೆಯೊಳಗೆ ಹೊಕ್ಕವರಿಗೆ ಅದರ ಜಾಣತನ ತಿಳಿಯುತ್ತದೆ. ಆದರೆ ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹೊರಬೇಕು. ದುಡಿಯುವ ಮಕ್ಕಳು ನಗರ ಸೇರಿದ ಮೇಲೆ ಮಣ್ಣು ಹೊರುವವರು ಯಾರು? 2019ರ ಆಗಸ್ಟಿನ ಮಳೆಯಲ್ಲಿ ಜಿಲ್ಲೆಯ ಅನೇಕ ಮಣ್ಣಿನ ಮನೆಗಳು ಕುಸಿದವು. ಆ ಭಯ ಕಂಡವರು ಕಾಂಕ್ರೀಟಿನ ಛಾವಣಿ ಬಯಸಿದರೆ ತಪ್ಪೆನ್ನಲಾಗದು.

ಕಾನೂನು ಏನು ಮಾಡುತ್ತದೆ? ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದೆಂದೂ, ಅದರಾಚೆ 200 ಮೀಟರಿನಲ್ಲಿ ಅನುಮತಿ ಬೇಕೆಂದೂ 2010ರ ತಿದ್ದುಪಡಿ ವಿಧಿಸಿತು. ಇದು ಗುಡಿಯನ್ನು ಕಾಯುತ್ತದೆ. ಆದರೆ ಆ ಗೆರೆಯೊಳಗಿನ ಹಳೆಯ ಮನೆ ಸೋರದಂತೆ ನೋಡುವ ಹೊಣೆ ಮನೆಯವರದೇ.

ಇಂಗ್ಲೆಂಡಿನಲ್ಲಿ ಬೇರೊಂದು ದಾರಿ ಹಿಡಿದರು. ಅಲ್ಲಿ 1967ರ ಕಾಯ್ದೆಯೊಂದು ಬಿಡಿ ಕಟ್ಟಡವನ್ನಲ್ಲ, ಇಡೀ ಪ್ರದೇಶವನ್ನೇ ಸಂರಕ್ಷಿಸುವ ಪದ್ಧತಿಯನ್ನು ತಂದಿತು. ಓಣಿಯ ತಿರುವು, ಕಲ್ಲಿನ ಗೋಡೆ, ಮರ ಎಲ್ಲವೂ ಸೇರಿ ಊರಿನ ಸ್ವಭಾವವಾಗುತ್ತದೆ ಎಂಬುದು ಅದರ ತಿರುಳು. ಮನೆ ಕೆಡವಲು ಅನುಮತಿ ಬೇಕು, ಮರ ಕಡಿಯುವ ಮುನ್ನ ತಿಳಿಸಬೇಕು. ವಿಲ್ಟ್‌ಶೈರಿನ ಲೇಕಾಕ್ ಎಂಬ ಹಳ್ಳಿಯನ್ನಂತೂ ಅದರ ಒಡತಿ ಮಟಿಲ್ಡಾ ಟಾಲ್ಬಟ್ 1944ರಲ್ಲಿಯೇ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದ್ದರು. ಅಲ್ಲಿಯ ಹಳೆಯ ಮನೆಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಕಿಟಕಿ ಬದಲಿಸಲೂ ಕೇಳಬೇಕೇ ಎಂಬ ಗೊಣಗಾಟ ಅಂಥ ಊರುಗಳಲ್ಲಿಯೂ ಇದೆ. ಆದರೂ ಊರೆಂದರೆ ಒಟ್ಟು ಬದುಕು ಎಂಬ ಮಾತು ಅಲ್ಲಿ ಕಾನೂನಿಗೆ ತಿಳಿದಿದೆ.

ಅಷ್ಟು ದೂರ ಹೋಗಬೇಕಿಲ್ಲ, ಕುಂದಗೋಳಕ್ಕೆ ಬನ್ನಿ. ಸವಾಯಿ ಗಂಧರ್ವರ ಬಳಿ ಹಾಡು ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಈ ಊರಿಗೆ ಬರುತ್ತಿದ್ದರು. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲಿಯೇ ಇದ್ದು ಕಲಿತರು. ಇಲ್ಲಿಯ ನಾಡಗೀರ ವಾಡೆಯಲ್ಲಿ ಗುರುಗಳ ನೆನಪಿನ ಸಂಗೀತೋತ್ಸವ ನಡೆಯುತ್ತ ಬಂದಿದೆ. ಹಾಡಿನ ದನಿ ಕೇಳುವ ವಾಡೆ ಹಾಳು ಬೀಳುವುದಿಲ್ಲ. ಬಳಕೆಯಲ್ಲಿರುವುದೇ ಕಟ್ಟಡಕ್ಕೆ ಮೊದಲ ರಕ್ಷೆ.

ಹಳೆಯ ಮನೆ ಉಳಿಸಿ ಎಂದು ಬಡವರಿಗೆ ಉಪದೇಶ ಹೇಳಿದರೆ ಸಾಲದು; ರಿಪೇರಿಗೆ ನೆರವೂ, ಮಣ್ಣು ಕಟ್ಟಿಗೆ ಬಲ್ಲ ಕೆಲಸಗಾರರೂ ಬೇಕು. ಅದು ಸರಕಾರ, ಸಮಾಜಗಳ ಕೆಲಸ. ವಿದ್ಯಾರ್ಥಿಗಳು ಮಾಡಬಹುದಾದದ್ದೂ ಒಂದಿದೆ. ಈ ರಜೆಯಲ್ಲಿ ನಿಮ್ಮ ಓಣಿಯ ಒಂದು ಹಳೆಯ ಮನೆ ಆರಿಸಿಕೊಳ್ಳಿ. ಮನೆಯವರ ಒಪ್ಪಿಗೆ ಪಡೆದು ಗೋಡೆಯ ದಪ್ಪ ಅಳೆಯಿರಿ, ನಕ್ಷೆ ಬರೆಯಿರಿ, ಕಟ್ಟಿದವರು ಯಾರೆಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಿ. ತಂದೆ ತಾಯಿಗಳೂ ಜತೆಗೂಡಲಿ. ನಾಳೆ ಆ ಮನೆ ಉಳಿಯದೆ ಹೋದರೂ ಅದರ ನೆನಪಾದರೂ ನಿಮ್ಮ ನೋಟುಬುಕ್ಕಿನಲ್ಲಿ ಉಳಿದೀತು.