ಹಲಗೆ ಓದುವವರೂ ಪುಟ ಓದುವವರೂ

ನಮ್ಮ ವಾಚನಾಲಯಕ್ಕೆ ಬರುವ ತರುಣರು ಕೆಲವರು ‘ವೆಬ್ ಡಿಸೈನ್’ ಎಂಬ ಉದ್ಯೋಗದ ಮಾತನ್ನು ಆಡುತ್ತಿರುತ್ತಾರೆ. ಅದೇನು ಚಿತ್ರ ಬರೆಯುವ ಕೆಲಸವೇ, ಬಣ್ಣ ಹಚ್ಚುವ ಕೆಲಸವೇ, ಅದರಿಂದ ನಮ್ಮಂಥವರಿಗೆ ಆಗಬೇಕಾದ್ದೇನು ಎಂದು ಹಿರಿಯ ಸದಸ್ಯರು ಕೇಳುವುದುಂಟು. ಈ ಪ್ರಶ್ನೆಗೆ ಸ್ಥೂಲವಾಗಿ ಉತ್ತರ ಹೇಳಲು ಇಲ್ಲಿ ಯತ್ನಿಸುವೆವು. ಪರೇಲಿನಲ್ಲಿ ವಾಸ ಮಾಡಿದವರಿಗೆ ಇದು ತೀರ ಹೊಸ ವಿದ್ಯೆಯೇನೂ ಅಲ್ಲ.

ವಿನ್ಯಾಸವೆಂದರೆ ಅಲಂಕಾರವೆಂದು ಅನೇಕರ ತಿಳಿವಳಿಕೆ. ಅದು ಅರ್ಧ ಸತ್ಯ ಮಾತ್ರ. ಒಂದು ವಸ್ತುವನ್ನು ಯಾರು ಬಳಸುವರು, ಎಲ್ಲಿ ನಿಂತು ಬಳಸುವರು, ಎಷ್ಟು ಅವಸರದಲ್ಲಿರುವರು ಎಂಬುದನ್ನು ಮೊದಲು ವಿಚಾರಿಸಿ, ಆಮೇಲೆ ಅದಕ್ಕೆ ರೂಪ ಕೊಡುವುದೇ ವಿನ್ಯಾಸ. ಅಂದವು ಅದರ ಹಿಂದಿನಿಂದ ಬರತಕ್ಕದ್ದು.

ನಮ್ಮ ನೆರೆಯ ಚಾಳುಗಳನ್ನೇ ನೋಡಿರಿ. 1920ರ ದಶಕದಲ್ಲಿ ಸರಕಾರದ ಅಭಿವೃದ್ಧಿ ಇಲಾಖೆಯು ವರಳಿ, ನಾಯಗಾಂವ್, ಶಿವಡಿ ಮತ್ತು ಈಗ ನಾ. ಮ. ಜೋಶಿ ಮಾರ್ಗವೆನಿಸಿದ ಡಿಲೈಲ್ ರೋಡಿನಲ್ಲಿ ಒಟ್ಟು 207 ಬಿ.ಡಿ.ಡಿ. ಚಾಳುಗಳನ್ನು ಕಟ್ಟಿಸಿತು. ಒಂದೊಂದು ಚಾಳಿನಲ್ಲಿ 80 ಖೋಲಿಗಳು, ಒಂದು ಖೋಲಿ 160 ಚದರಡಿ, ಮಹಡಿಗೊಂದು ನಡುಹಾದಿ, ಎಲ್ಲರಿಗೂ ಸೇರಿ ಶೌಚಗೃಹ. ಅಗ್ಗದಲ್ಲಿ ಹೆಚ್ಚು ಜನರನ್ನು ಇರಿಸುವುದೇ ಅದರ ಲೆಕ್ಕಾಚಾರ. ಆದರೆ ಇಕ್ಕಟ್ಟಾದ ಆ ನಡುಹಾದಿಯನ್ನೇ ಜನರು ತಮ್ಮ ಅಂಗಳ ಮಾಡಿಕೊಂಡರು. ಊರಿನಿಂದ ಬಂದ ಕಾಗದವನ್ನು ಓದಿಸಿಕೊಂಡದ್ದು, ಕೆಲಸ ಖಾಲಿ ಇರುವ ಸುದ್ದಿ ಕೇಳಿದ್ದು, ಕಾಯಿಲೆಯವರನ್ನು ಕೆ.ಇ.ಎಂ. ಆಸ್ಪತ್ರೆಗೆ ಒಯ್ಯಲು ಜೊತೆ ಹುಡುಕಿದ್ದು ಎಲ್ಲವೂ ಅಲ್ಲಿಯೇ. ನಕ್ಷೆ ಬರೆದವರು ಹಾದಿಯನ್ನಷ್ಟೇ ಕೊಟ್ಟರು. ಅದರಲ್ಲಿ ಸಮಾಜವನ್ನು ಕಟ್ಟಿಕೊಂಡವರು ಬಳಸಿದ ಜನ.

ನಾಕೆಯ ಕರಿಹಲಗೆಯ ಸಂಗತಿಯೂ ಹಾಗೆಯೇ. ಸೀಮೆಸುಣ್ಣದಲ್ಲಿ ನಾಲ್ಕು ಸಾಲು ಬರೆದರೆ ಹಾದಿಹೋಕರು ನಿಂತು ಓದುವರು. ಓದು ಬಾರದವನೂ ಅಲ್ಲಿ ನಿಲ್ಲುತ್ತಾನೆ. ಏಕೆಂದರೆ ಪಕ್ಕದವನನ್ನು “ಏನು ಬರೆದಿದ್ದಾರಣ್ಣಾ?” ಎಂದು ಕೇಳಬಹುದು. ಮರಾಠಿ ಓದಲು ಬಾರದ ನಮ್ಮವರು ಎಷ್ಟೋ ಜನ ಈ ನಗರದ ಸುದ್ದಿಯನ್ನು ತಿಳಿದದ್ದು ಹೀಗೆ ಕೇಳಿಯೇ. ಹಲಗೆಯ ಅರ್ಧ ಕೆಲಸವನ್ನು ಪಕ್ಕದಲ್ಲಿ ನಿಂತವನು ಮಾಡುತ್ತಿದ್ದ. ಈ ಮಾತನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಬಳಸುವವರ ಲೆಕ್ಕ ತಪ್ಪಿದರೆ ಆಗುವ ಅನರ್ಥವೂ ನಮ್ಮ ಕಣ್ಣೆದುರಿಗಿದೆ. ಗಿರಣಿಗಳು ಮುಚ್ಚಿ ಅವುಗಳ ನೆಲದಲ್ಲಿ ದೊಡ್ಡ ಕಚೇರಿಗಳು ಎದ್ದಾಗ, ಪರೇಲ್ ಮತ್ತು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಗಳಲ್ಲಿ ಇಳಿಯುವ ಜನರ ಸಂಖ್ಯೆ ಬಹಳ ಬೆಳೆಯಿತು. ಕಾಲುಸೇತುವೆ ಮಾತ್ರ ಹಿಂದಿನಷ್ಟೇ ಅಗಲವಾಗಿ ಉಳಿಯಿತು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆಗೆ ಜನರು ಮೆಟ್ಟಿಲ ಮೇಲೆ ನಿಂತಿದ್ದಾಗ ನೂಕುನುಗ್ಗಲಾಗಿ 23 ಜನರು ಪ್ರಾಣ ಕಳೆದುಕೊಂಡರು. ಸೇತುವೆಯೇನೂ ಬಿದ್ದಿರಲಿಲ್ಲ. ಯಾರೋ ‘ಫೂಲ್’ ಬಿತ್ತೆಂದು ಕೂಗಿದ್ದು ‘ಪೂಲ್’ ಬಿತ್ತೆಂದು ಕೇಳಿಸಿತೆಂದು, ಹೂವು ಸೇತುವೆಯಾಯಿತೆಂದು, ಬದುಕಿ ಉಳಿದವರ ಹೇಳಿಕೆಯು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಹಲವು ಭಾಷೆಗಳ ಈ ಊರಿನಲ್ಲಿ ಹಾದಿಯೂ ಅಗಲವಾಗಿರಬೇಕು, ಸೂಚನೆಯೂ ಸ್ಪಷ್ಟವಾಗಿರಬೇಕು. ತರುವಾಯ ಸೈನ್ಯದವರು ಇನ್ನೊಂದು ಕಾಲುಸೇತುವೆ ಕಟ್ಟಿದರು. ಅದು 2018ರ ಫೆಬ್ರವರಿಯಲ್ಲಿ ತೆರೆಯಿತು. ಹೋದ ಜೀವಗಳು ತಿರುಗಿ ಬರಲಿಲ್ಲ.

ಇನ್ನು ವೆಬ್ ಡಿಸೈನರನ ಕೆಲಸಕ್ಕೆ ಬರೋಣ. ಅಂತರ್ಜಾಲದ ಪುಟವೆಂಬುದು ಈ ಕಾಲದ ಹಲಗೆ, ಈ ಕಾಲದ ಕಾಲುಸೇತುವೆ. ಯಾವ ವಿಷಯ ಮೇಲಿರಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ಅರ್ಜಿಯಲ್ಲಿ ಏನೇನು ಕೇಳಬೇಕು, ತಪ್ಪು ತುಂಬಿದರೆ ತಿದ್ದಿಕೊಳ್ಳಲು ದಾರಿ ಯಾವುದು — ಇವನ್ನೆಲ್ಲ ನಿಶ್ಚಯಿಸುವವನು ಅವನೇ. ಇದರಿಂದ ನಮಗೇನು ಎನ್ನುವವರು ಒಂದು ಸಂಗತಿಯನ್ನು ನೆನೆಯಬೇಕು. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ಮೇಲೆ ಕೆಲಸ ಕಳೆದುಕೊಂಡ ಗಿರಣಿ ಕಾಮಗಾರರಿಗಾಗಿ ಮ್ಹಾಡಾ ಸಂಸ್ಥೆಯು 2012ರಲ್ಲಿ 6,925 ಮನೆಗಳಿಗೆ ಚೀಟಿ ಎತ್ತಿತು. ಮನೆ ಸಿಗದೆ ಉಳಿದವರು ಲಕ್ಷಕ್ಕೂ ಮೇಲ್ಪಟ್ಟು. 2023ರಲ್ಲಿ ಅವರ ಅರ್ಹತೆಯ ದಾಖಲೆಗಳನ್ನು ಅಂತರ್ಜಾಲದ ಮೂಲಕವೂ ಒಪ್ಪಿಸುವ ಏರ್ಪಾಡಾಯಿತು. 1982ರಲ್ಲಿ 25 ವರ್ಷದವನಾಗಿದ್ದವನಿಗೆ ಆಗ 66 ವರ್ಷ. ಅಂಥವನ ಕಣ್ಣಿಗೆ ಕಾಣದ ಅಕ್ಷರ, ಬೆರಳಿಗೆ ಸಿಕ್ಕದ ಗುಂಡಿ, ತಿಳಿಯದ ಭಾಷೆ ಇವೆಲ್ಲ ಸಣ್ಣ ಕುಂದುಗಳಲ್ಲ. ಮನೆಯೊಂದರ ಹಕ್ಕು ಅಲ್ಲಿ ತೂಗಾಡುತ್ತಿರುತ್ತದೆ.

ಕನ್ನಡದ ಪುಟಕ್ಕೆ ಬೇರೆಯೇ ಕಷ್ಟಗಳಿವೆ. ‘ರಾಷ್ಟ್ರ’, ‘ಸ್ತ್ರೀ’ ಎಂಬಂಥ ಪದಗಳಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆಂದು ಅಳೆದ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ, ಮೇಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ನಮ್ಮ ಪದಗಳು ವಿಭಕ್ತಿ ಸೇರಿ ಉದ್ದವಾಗುವುದರಿಂದ ಇಂಗ್ಲಿಷಿನ ಕಿರಿದಾದ ಗುಂಡಿಯಲ್ಲಿ ಹಿಡಿಯುವುದಿಲ್ಲ. ಈ ದಿಶೆಯಲ್ಲಿ ಮುಂಬಯಿಯ ಉಪಕಾರವೂ ನಮ್ಮ ಮೇಲಿದೆ. ಪವಾಯಿಯ ಐ.ಐ.ಟಿ.ಯಲ್ಲಿ ಕಲಿಸಿದ, ಮರಾಠಿಯ ಕವಿಯೂ ಆಗಿದ್ದ ರಘುನಾಥ ಕೃಷ್ಣ ಜೋಶಿಯವರು (1936–2008) ತಮ್ಮ ಸಂಗಡಿಗರೊಂದಿಗೆ ದೇವನಾಗರಿಗೆ ‘ಮಂಗಲ್’, ಕನ್ನಡಕ್ಕೆ ‘ತುಂಗಾ’ ಎಂಬ ಅಕ್ಷರಮಾಲೆಗಳನ್ನು ರಚಿಸಿದರು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರುಗಳೊಂದಿಗೆ ತುಂಗಾ ಜಗತ್ತಿಗೆಲ್ಲ ಹಂಚಿಹೋಯಿತು. ಮರಾಠಿ ಮನೆಮಾತಿನವರು ನಮ್ಮ ಒತ್ತು, ದೀರ್ಘ, ತಲೆಕಟ್ಟುಗಳ ಅಳತೆಗೆ ಶ್ರಮಪಟ್ಟದ್ದನ್ನು ನಾವು ಮರೆಯಕೂಡದು. ನೆರೆಯವನಿಗಾಗಿ ಯೋಚಿಸುವುದೇ ವಿನ್ಯಾಸವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಏಕೆ?

ಆದರೆ ಎಷ್ಟು ಚೆನ್ನಾದ ಪುಟಕ್ಕೂ ಒಂದು ಕೊರತೆ ಉಳಿಯುತ್ತದೆ. ಹಲಗೆಯನ್ನು ಹತ್ತು ಜನ ಕೂಡಿ ಓದುತ್ತಿದ್ದರು. ಅಂಗೈಯ ಪುಟವನ್ನು ಒಬ್ಬನೇ ಓದುತ್ತಾನೆ. ತಿಳಿಯದಿದ್ದರೆ ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಚಾಳುಗಳಿದ್ದ ಜಾಗದಲ್ಲಿ ಈಗ 500 ಚದರಡಿಯ ಮನೆಗಳ ಎತ್ತರದ ಕಟ್ಟಡಗಳು ಏಳುತ್ತಿವೆ. ಮನೆಯೊಳಗೆ ಶೌಚಗೃಹ ಬಂದದ್ದು ಸಂತೋಷದ ಮಾತೇ. ನಡುಹಾದಿಯ ಮಾತುಕತೆ ಮಾತ್ರ ಲಿಫ್ಟಿನೊಳಗೆ ಬೆಳೆಯಲಾರದು. ಆದಕಾರಣ ಪಕ್ಕದವನು ಮಾಡುತ್ತಿದ್ದ ಕೆಲಸವನ್ನು ಒಂದಷ್ಟು ಡಿಸೈನರನು ಮಾಡಬೇಕು. ಉಳಿದಷ್ಟನ್ನು ಸಂಘಗಳು ಮಾಡಬೇಕು.

ನಮ್ಮಿಂದಲೇ ಆರಂಭಿಸೋಣ. ಸಂಘದ ಪ್ರಕಟಣೆಗಳನ್ನು ಮೊಬೈಲಿನಲ್ಲಿ ಕಳಿಸುವವರು ಈ ಕೆಲವು ಮಾತುಗಳನ್ನು ಪಾಲಿಸಿದರೆ ಸಾಕು. ತಾರೀಖು, ಸ್ಥಳ, ತರಬೇಕಾದ ಕಾಗದಗಳು ಮೊದಲಲ್ಲಿರಲಿ. ಅಧ್ಯಕ್ಷರ ಭಾವಚಿತ್ರ ಕೊನೆಯಲ್ಲಿದ್ದರೂ ಅವರು ಕೋಪಿಸಿಕೊಳ್ಳಲಾರರು. ಬಿಳಿಯ ಮೇಲೆ ಬೂದುಬಣ್ಣದ ಅಕ್ಷರ ಬೇಡ, ವೃದ್ಧರಿಗೆ ಕಾಣದು. ಪ್ರಕಟಣೆಯನ್ನು ಚಿತ್ರವಾಗಿ ಮಾತ್ರ ಕಳಿಸದೆ ಅಕ್ಷರದಲ್ಲಿಯೂ ಕಳಿಸಿರಿ. ಆಗ ಕಣ್ಣಿಲ್ಲದವರಿಗೆ ಫೋನೇ ಓದಿ ಹೇಳಬಲ್ಲದು. ಕಳಿಸುವ ಮೊದಲು, ವಿಷಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಅವರಿಗೆ ಏನು ತಿಳಿಯಿತೆಂದು ಕೇಳಿರಿ. ದೊಡ್ಡ ಡಿಸೈನರುಗಳು ಮಾಡುವ ಪರೀಕ್ಷೆಯೂ ಇದೇ.

ವೆಬ್ ಡಿಸೈನ್ ಕಲಿಯುವ ನಮ್ಮ ತರುಣರಲ್ಲಿಯೂ ಒಂದು ಅರಿಕೆ. ವಾರಕ್ಕೊಂದು ಸಂಜೆ ವಾಚನಾಲಯದ ಮೇಜಿನ ಬಳಿ ಕುಳಿತುಕೊಳ್ಳಿರಿ. ಯಾರ ಅರ್ಜಿ ಎಲ್ಲಿ ತಡೆಯಿತು, ಯಾವ ಪದ ತಿಳಿಯಲಿಲ್ಲ ಎಂಬುದನ್ನು ನೋಡಿ ಬರೆದುಕೊಳ್ಳಿರಿ. ನಿಮ್ಮ ವಿದ್ಯೆಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಅರ್ಜಿ ತುಂಬಲು ತೊಡಕಾದ ಬಂಧುಗಳೂ ಸಂಕೋಚಪಡದೆ ಬರಬೇಕು. ಪತ್ರಿಕೆ ಓದಲು ಇರುವಂತೆ, ಪಕ್ಕದವರನ್ನು ಕೇಳಲಿಕ್ಕೂ ಈ ಕೋಣೆ ಇದೆ.